ಕನಮಡಿ ಬಾವಿಯ ನೀರು

ವಿಜಯಪುರ
ಸೋಮವಾರ

ಕಾಸಿಮ ಭಾಯಿಗೆ ನಾಸೀರನ ಸಲಾಂ.

ಟಿಕೋಟಾ ದಾಟಿದರೆ ಮೋಡಗಳು ನಿಲ್ಲುವುದಿಲ್ಲ, ಧೂಳು ಮಾತ್ರ ನಿಲ್ಲುತ್ತದೆ. ಕನಮಡಿಯ ನಮ್ಮ ಬಾವಿಯ ನೀರು ಸವಳು. ಇದು ಯಾರ ತಪ್ಪೂ ಅಲ್ಲ.

ಆದರೆ ನಿನ್ನೆ ನಿಮ್ಮ ಮಗ ಜಹೀರನಿಗೆ ಹೆಣ್ಣು ಕೊಡುವವರು ಜೈನಾಪುರದಿಂದ ಮನೆ ನೋಡಲು ಬಂದಾಗ, ನೀವು ಕೊಂಡು ತಂದ ಕ್ಯಾನಿನ ನೀರನ್ನು ಕೊಡದಲ್ಲಿ ತುಂಬಿಸಿ ಕೊಟ್ಟಿರಿ. ಹುಡುಗಿಯ ತಾಯಿ ಅಬೇದಾ ಕುಡಿದು, "ಭಾಳ ಸಿಹಿ ಅದಾವ್ರಿ ನೀರು" ಎಂದರು. "ನಮ್ಮ ಬಾವೀವ ರೀ" ಎಂದಿರಿ.

ಅಷ್ಟರಲ್ಲಿ ಚಹಾ ಬಂತು. ನಮ್ಮ ಮನೆಯಲ್ಲಿ ಯಾವಾಗಲೂ ಕರಿ ಚಹಾ; ಬೀಗರಾಗುವವರಿಗೆಂದು ಹಾಲು ಹಾಕಿದ್ದರು. ಬಾವಿಯ ನೀರಿಗೆ ಹಾಲು ಒಡೆದಿತ್ತು. "ಎಮ್ಮೀದ ಹಾಲ ಸರಿ ಇಲ್ಲ ನೋಡ್ರಿ" ಎಂದು ನೀವು ಎಮ್ಮೆಯನ್ನು ಬೈದಿರಿ.

ಹೊರಡುವಾಗ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡೆ. ಇಂದು ಜೈನಾಪುರಕ್ಕೆ ಹೋಗಿ ನಿಜ ಹೇಳಿ, ಅದನ್ನು ಅವರ ಮುಂದಿಟ್ಟೆ. ಕಾಲುವೆ ನೀರು ಕುಡಿದು ಬೆಳೆದ ಹುಡುಗಿ ತಸ್ಲೀಮ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಅಂಗಳಕ್ಕೆ ಉಗುಳಿದಳು. "ಯವ್ವಾ! ಇದ್ರಾಗ ಅನ್ನಾ ಮಾಡಿದ್ರ ಉಪ್ಪ ಹಾಕೂದ ಬ್ಯಾಡ ಬಿಡ್ರಿ, ಕಾಕಾ" ಎಂದು ನಕ್ಕಳು. ಆಮೇಲೆ ನಗಲಿಲ್ಲ.

ಮದುವೆಗೆ ಒಲ್ಲೆ ಎಂದಿಲ್ಲ. ಶುಕ್ರವಾರ ನೀವು ಅಲ್ಲಿಗೆ ಹೋಗಿ, ಆ ನೀರನ್ನು ಅವಳೆದುರು ಕುಡಿದು, ಹೇಗಿದೆ ಎಂದು ಹೇಳಬೇಕಂತೆ. ಉತ್ತರ ಅನಂತರ.

ದಯವಿಟ್ಟು ಹೋಗಿ. ಬಾಟಲಿ ಅವರ ಮನೆಯಲ್ಲೇ ಇದೆ. ಕ್ಯಾನ್ ಒಯ್ಯಬೇಡಿ.

ನಿಮ್ಮ ತಮ್ಮ,
ನಾಸೀರ