ಎಮ್ಮೆ ನೆಕ್ಕಿದ ರೆಕ್ಕೆ

ನನ್ನ ಮುದ್ದಿನ ಕಾಕಾ,

ಮದುವೆಯ ಅರಿಶಿಣ ಇನ್ನೂ ಕೈಯಿಂದ ಹೋಗಿಲ್ಲ, ಆಗಲೇ ನಿನಗೆ ಬರೆಯಲು ಕುಳಿತಿದ್ದೇನೆ. ನಾನು ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! ಸಮೀರವಾಡಿಯ ಈ ಪುಟ್ಟ ಮನೆ, ಸಕ್ಕರೆ ಕಾರ್ಖಾನೆಯ ಬೆಲ್ಲದಂಥ ವಾಸನೆಯ ಗಾಳಿ, ಮತ್ತೆ ಇವರು... ಎಲ್ಲ ನಿನಗೇ ಮೊದಲು ಹೇಳಬೇಕಿತ್ತು. ಮದುವೆಗೆ ಮೊದಲೇ ಎದೆನೋವೆಂದು ಮಲಗಿದವನು ಏಳಲೇ ಇಲ್ಲವಲ್ಲ ನೀನು?

ನೆನಪಿದೆಯಾ, ನಮ್ಮ ಶಾಲೆಯ ಇಂಗ್ಲಿಷ್ ಮ್ಯಾಗಝಿನ್‌ನಲ್ಲಿ ಬಂದಿದ್ದ ರೆಕ್ಕೆಯ ಕಾರಿನ ಚಿತ್ರ? ರಸ್ತೆಯಲ್ಲಿ ಓಡುತ್ತಲೇ ಹಾರಿಬಿಡುವ ಕಾರು! ನಾನು ಕುಣಿದಾಡುತ್ತ ಅದನ್ನು ನಿನಗೆ ಕನ್ನಡದಲ್ಲಿ ಹೇಳಿದೆ. ಬನಹಟ್ಟಿಯ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದ ನೀನು, "ಅವರಿಗೆ ಕಾರು, ನಮಗ ಸ್ಕೂಟರು. ಅಷ್ಟ ಫರಕ" ಅಂದೆ. ಹಿತ್ತಲಲ್ಲಿದ್ದ ಹಳೆಯ ಸ್ಕೂಟರಿಗೆ ಬಿದಿರಿನ ರೆಕ್ಕೆ ಬಂತು, ಹಿಂದೆ ದೊಡ್ಡ ಪಂಖಾ ಬಂತು. ರೆಕ್ಕೆಗೆ ಮಗ್ಗದ ಬಟ್ಟೆ. ಅದು ಬಿಗಿಯಾಗಲೆಂದು, ನೂಲಿಗೆ ಹಾಕುವ ಹಾಗೆ, ದಪ್ಪ ಗಂಜಿ!

ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಎಮ್ಮೆ ಒಂದು ರೆಕ್ಕೆಯನ್ನು ನೆಕ್ಕಿ ನೆಕ್ಕಿ ಹರಿದಿತ್ತು. "ಲೇ, ನಿನ್ನ ಇಮಾನ ನಮ್ಮ ಎಮ್ಮಿ ಹೊಟ್ಟ್ಯಾಗ ಹಾರಾಕತ್ತೈತಿ ನೋಡಲೇ!" ಎಂದು ಎಮ್ಮೆಯ ಮಾಲೀಕ ಮಲ್ಲಪ್ಪ ಕೂಗಿದ. "ಹಾಲ ಹಿಂಡುವಾಗ ಪೆಟ್ರೋಲ್ ಬಂದ್ರ ನನಗ ಕೊಡಲೇ ದೋಸ್ತ" ಅಂದೆ ನೀನು. ಓಣಿಗೆ ಓಣಿಯೇ ನಕ್ಕಿತು. ನೀನು ಹೊಸ ಬಟ್ಟೆ ಹಚ್ಚಿದೆ. ಊರಾಚೆಯ ಬಯಲಿನಲ್ಲಿ ಮುಂದಿನ ಗಾಲಿ ನೆಲ ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಹಿಂದಿನದೂ ಬಿಡುತ್ತಿತ್ತು, ಇನ್ನೊಂದು ಸಲ ಓಡಿಸಿದ್ದರೆ...

ಅಷ್ಟರಲ್ಲಿ ನನ್ನನ್ನು ನೋಡಲು ಬರುವವರ ಸುದ್ದಿ ಬಂತು. ಅವ್ವ ಕೈಮುಗಿದಳು: "ಅದನ್ನ ಬಿಚ್ಚಿ ಹಾಕಪಾ. ಹುಚ್ಚರ ಮನಿ ಅಂತ ತಿಳಕೊಂಡು ಎದ್ದು ಹೋದಾರು."

"ಆತು ವೈನಿ" ಅಂದೆ ನೀನು. ಅಷ್ಟೇ. ಬಿದಿರು ಒಲೆಗೆ ಹೋಯಿತು, ಉಳಿದದ್ದು ಗುಜರಿಗೆ. ಮತ್ತೆ ಯಾವಾಗ ಕಟ್ಟುತ್ತೀ ಎಂದು ಕೇಳಿದರೆ, "ನಿನ್ನ ಮದಿವಿ ಆಗಲಿ ತಡಿ ಬೇ" ಅಂದೆ. ನಾನು ತಡೆದೆ. ನೀನು ಯಾಕೆ ತಡೆಯಲಿಲ್ಲ?

ನಿನ್ನೆ ಇವರನ್ನು ಸುಮ್ಮನೆ ಕಾಡಿಸಿದೆ: "ಅವತ್ತ ನನ್ನ ನೋಡೂದು ಬಿಟ್ಟು ಹಿತ್ತಲಕಡೆ ಯಾಕ ಇಣುಕಾಕತ್ತಿದ್ರಿ?"

ಇವರು ಕೆಂಪಾದರು. "ಖರೆ ಹೇಳಲೇನು? ಕನ್ಯಾ ನೋಡಾಕ ನಾ ಒಲ್ಲೆ ಅಂದಿದ್ದೆ. ನಿಮ್ಮ ಮನ್ಯಾಗ ಹಾರೂ ಸ್ಕೂಟರ್ ಐತಿ ಅಂತ ಲೋಕಾಪುರದ ಬಸ್ಸಿನ್ಯಾಗ ಯಾರೋ ಅಂದ್ರು. ಅದನ್ನ ನೋಡಾಕಂತ ಬಂದೆ. ಕಾಣಲಿಲ್ಲ. ಕೇಳಾಕ ನಾಚಿಕಿ ಆತು."

ನನಗೆ ನಗು ಬರಬೇಕಿತ್ತು, ಅಲ್ಲವಾ?

ಅದನ್ನು ನೋಡಲೆಂದೇ ಬಂದಿದ್ದರು, ಕಾಕಾ. ನಿನ್ನ ಎದುರಿಗೇ ಕುಳಿತು, ಅವಲಕ್ಕಿ ತಿಂದು, ಸುಮ್ಮನೆ ಎದ್ದು ಹೋದರು.

ನಿನ್ನ ಹುಡುಗಿ