ಅಕ್ಕನ ಕೈಯ ಬಣ್ಣ

ಮಾರ್ಚ್ 4, ಮಂಗಳವಾರ
ಎಂದಿನಂತೆ ಆರೈಕೆ ಕೇಂದ್ರ. ಅಕ್ಕನ ತಲೆ ಬಾಚಿ, ಉಗುರು ಕತ್ತರಿಸಿದೆ. ಎಡ ಮಣಿಕಟ್ಟಿನಲ್ಲಿ ಕಡುನೀಲಿ ಗುರುತು. ಲಕ್ವ ಹೊಡೆದ ಕೈ. ತಾನಾಗಿ ಎಲ್ಲಿಗೆ ಬಡಿದುಕೊಂಡೀತು? ಮಂಚದ ಕಂಬಿ ತಾಗಿರಬೇಕು ಅಂದಳು ಮೇಲ್ವಿಚಾರಕಿ. ಎಂಥ ಕಂಬಿಯೋ — ನಾಲ್ಕು ಬೆರಳು, ಒಂದು ಹೆಬ್ಬೆರಳಿನ ಅಚ್ಚು. ಫೋನಿನಲ್ಲಿ ಎರಡು ಫೋಟೊ ತೆಗೆದೆ.

ಮಾರ್ಚ್ 5
ಹಳೆಯ ಕ್ಯಾಮೆರಾ ಒಯ್ದು ಇನ್ನೆರಡು. ದೂರು ಬರೆದು, ನಾಲ್ಕನ್ನೂ ಸೇರಿಸಿ ಪಿಡಿಎಫ್ ಮಾಡಿ, ಕೇಂದ್ರದ ಮೇಲುಸ್ತುವಾರಿ ನೋಡುವ ಇಲಾಖೆಗೆ ಕಳಿಸಿದೆ. ಬೇಡಿಕೆ ಒಂದೇ: ಅಕ್ಕನನ್ನು ಬೇರೆ ಕೇಂದ್ರಕ್ಕೆ ಸೇರಿಸಿ. ಇಲಾಖೆಯ ಆದೇಶವಿಲ್ಲದೆ ಎಲ್ಲೂ ಜಾಗವಿಲ್ಲ.

ಮಾರ್ಚ್ 19, ಮಧ್ಯಾಹ್ನ
ವಿಚಾರಣೆ. ಅಧಿಕಾರಿ ಪರದೆಯನ್ನು ನನ್ನತ್ತ ತಿರುಗಿಸಿದರು. ಫೋನಿನ ಫೋಟೊಗಳಲ್ಲಿ ಗುರುತು ನೀಲಿ. ಕ್ಯಾಮೆರಾದವುಗಳಲ್ಲಿ ಬೂದು, ಬರೀ ನೆರಳಿನ ಹಾಗೆ. ಚರ್ಮದ ಬಣ್ಣವೂ ಬೇರೆ, ಹೊದಿಕೆಯದೂ ಬೇರೆ.
"ಒಂದೇ ಕೈ ಅಂತ ಹೇಗಮ್ಮ ನಂಬೋದು? ಯಾರೋ ಬಣ್ಣ ಹಚ್ಚಿದ ಹಾಗಿದೆ. ನೀವು ಮೊದಲು ಏನ್ ಕೆಲ್ಸ ಮಾಡ್ತಿದ್ರಿ?"
"ಪ್ರಿಂಟಿಂಗ್ ಪ್ರೆಸ್‌ನಲ್ಲಿ. ಫೋಟೊಗಳ ಬಣ್ಣ ತಿದ್ದೋ ವಿಭಾಗ."
"ಹಾಗನ್ನಿ."
ಗುಮಾಸ್ತ ಫೈಲು ಅಡ್ಡ ಹಿಡಿದು ನಕ್ಕ.

ಅದೇ ದಿನ, ಸಂಜೆ
ತಪ್ಪು ನನ್ನದೇ. ಬಣ್ಣವನ್ನು ಹೇಗೆ ಓದಬೇಕೆಂದು ತಿಳಿಸುವ ಪ್ರೊಫೈಲ್ ಪ್ರತಿ ಚಿತ್ರದೊಳಗೂ ಇರುತ್ತದೆ. ಫೋನಿನದು ಒಂದು, ಕ್ಯಾಮೆರಾದ್ದು ಇನ್ನೊಂದು. ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಪಾಲಿಸಿದ ನಿಯಮ — ಅದನ್ನು ಮುಟ್ಟಬೇಡ, ಅಚ್ಚಿಗೆ ಮುನ್ನ ಕೊನೆಯ ಯಂತ್ರ ಅದನ್ನು ಓದಿ ಎಲ್ಲವನ್ನೂ ಸಮ ಮಾಡುತ್ತದೆ. ಮುಟ್ಟಲಿಲ್ಲ. ಆ ಕಚೇರಿಯಲ್ಲಿ ಕೊನೆಯ ಯಂತ್ರ ಎಲ್ಲಿಂದ ಬರಬೇಕು? ಅವರ ಕಂಪ್ಯೂಟರು ಪ್ರೊಫೈಲನ್ನು ಓದುವುದೇ ಇಲ್ಲ. ಫೋನಿನದು ಹೇಗೋ ಉಳಿದಿದೆ, ಕ್ಯಾಮೆರಾದ ಬಣ್ಣವೆಲ್ಲ ಸೋರಿಹೋಗಿದೆ.
ಹಿಂದೊಮ್ಮೆ ಕ್ಯಾಲೆಂಡರಿನಲ್ಲಿ ಮಂತ್ರಿಯ ಮುಖ ಹಸಿರಾಯಿತೆಂದು ನಲವತ್ತು ಸಾವಿರ ಪ್ರತಿ ರದ್ದಿಗೆ ಹಾಕಿದರು. ಇಬ್ಬರ ಕೆಲಸ ಹೋಯಿತು. ಒಂದು ಮುಖಕ್ಕೆ ಅಷ್ಟು. ಈ ಕೈಗೆ?

ಮಾರ್ಚ್ 21
ನಾಲ್ಕನ್ನೂ ಒಂದೇ ಪ್ರೊಫೈಲಿಗೆ ತಂದು ಮತ್ತೆ ಕಳಿಸಿದೆ. ಗುಮಾಸ್ತನ ಫೋನ್ ಬಂತು. ತಿದ್ದಿದ ಚಿತ್ರ ಪುರಾವೆಯಾಗುವುದಿಲ್ಲವಂತೆ. ಹೊಸದು ಬೇಕಂತೆ.
ಹೊಸದು... ಗುರುತು ಆಗಲೇ ಹಳದಿಗೆ ತಿರುಗಿ ಮಾಸಿದೆ.

ಮಾರ್ಚ್ 25
ದೂರು ಮುಕ್ತಾಯ. ಕೇಂದ್ರಕ್ಕೆ ನನಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಇನ್ನು ಭೇಟಿ ವಾರಕ್ಕೊಂದೇ ದಿನ ಎಂದಳು ಮೇಲ್ವಿಚಾರಕಿ, ನಗುನಗುತ್ತಲೇ. ಅವಳು ಅತ್ತ ಹೋದೊಡನೆ ಅಕ್ಕ ನನ್ನ ಕೈ ಹಿಡಿದು ಹತ್ತಿರ ಎಳೆದಳು. ಆಮೇಲೆ, ತೊದಲುತ್ತ:
"ಇನ್ನು ಏನೂ ಬರೀಬೇಡ ಕಣೆ. ನೀನು ಹೋದ್ಮೇಲೆ ನಾನಿಲ್ಲೇ ಇರ್ಬೇಕಲ್ಲ."

ಏಪ್ರಿಲ್ 8
ಕಳೆದ ವಾರ ಒಳಗೇ ಬಿಡಲಿಲ್ಲ. ಇವತ್ತು ಬಿಟ್ಟರು.
ಈ ಸಲ ಬಲಗೈ. ಮೊಣಕೈವರೆಗೂ. ಕಂಡೊಡನೆ ಮೊದಲು ಹೊಳೆದದ್ದು — ಕಿಟಕಿಯ ಬೆಳಕು ಚೆನ್ನಾಗಿದೆ, ಬಣ್ಣ ಸರಿಯಾಗಿ ಬರುತ್ತದೆ. ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ: ಸಂತೋಷವಾಯಿತು. ಒಂದು ಗಳಿಗೆ, ನಿಜವಾಗಿಯೂ.
ಫೋನ್ ತೆಗೆದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಕಂಡಳೋ. ಮೆಲ್ಲಗೆ ಆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ನನ್ನಿಂದ ಮರೆಮಾಡಿದಳು.