ಮದರಾಸಿನ ಪ್ರವೇಶಪತ್ರ

ನನ್ನಿವಾಳ
೧೨ ಮೇ ೧೯೩೧

ಪ್ರೀತಿಯ ಬೊಮ್ಮಲಿಂಗಪ್ಪನಿಗೆ,

ಗಾದ್ರಪ್ಪನ ನಮಸ್ಕಾರ. ಮೊಳಕಾಲ್ಮೂರಿನಿಂದ ನೀನು ಬರೆದ ಎರಡು ಕಾಗದಗಳೂ ಮುಟ್ಟಿದವು. ಉತ್ತರ ಇಪ್ಪತ್ತು ದಿನ ತಡವಾಯಿತು. ಕೆಲಸವಿತ್ತೆಂದು ಸುಳ್ಳು ಹೇಳಲಾರೆ. ಶಾಲೆಗೆ ರಜೆ, ಸುಮ್ಮನೆ ಕೂತಿದ್ದೆ. ಕ್ಷಮಿಸು.

ನೀನು ಕೇಳಿದ್ದಕ್ಕೆ ಉತ್ತರ: ಸಿಕ್ಕಿತು. ಮದರಾಸಿನ ವಿಶ್ವವಿದ್ಯಾನಿಲಯದವರು ನನ್ನನ್ನು ಡಾಕ್ಟರೇಟ್ ಸಂಶೋಧನೆಗೆ ಸೇರಿಸಿಕೊಂಡಿದ್ದಾರೆ. ಮೂರು ವರ್ಷ ಅಲ್ಲೇ ಇರಬೇಕು, ಬೇರೆ ಯಾವ ಕೆಲಸವನ್ನೂ ಮಾಡಕೂಡದು, ಜುಲೈ ಒಂದಕ್ಕೆ ಹಾಜರಾಗಬೇಕು. ವಿಷಯ, ನಮ್ಮ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಹಾಡು. ಅವ್ವ ಹೇಳಿ ನಾನು ಬರೆದುಕೊಂಡ ಹಾಡುಗಳ ಪುಸ್ತಕವನ್ನು ಅರ್ಜಿಯ ಜೊತೆ ಕಳಿಸೆಂದು ಹಠ ಹಿಡಿದವನು ನೀನೇ ತಾನೆ.

ಅಂಚೆಯ ಪಾತಣ್ಣ ಕಾಗದ ಕೊಟ್ಟಾಗ ಮೂರು ಸಲ ಓದಿದೆ. ಬೇರೆ ಯಾವನೋ ಗಾದ್ರಪ್ಪನಿಗೆ ಬಂದದ್ದು ಅನ್ನಿಸಿತು. ಮಡಿಸಿ ಜೇಬಿಗಿಟ್ಟು, ಬಾವಿಗೆ ಹೋಗಿ ಮುಖ ತೊಳೆದು ಬಂದೆ. ಮರುದಿನ ಚಳ್ಳಕೆರೆಗೆ ಹೋಗಿ ಮೇಷ್ಟರ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟೆ. ಹೆಡ್ ಮಾಸ್ತರು ಸೋಮಶೇಖರಪ್ಪನವರು, “ಈ ಸೀಮೆಗೇ ಮೊದಲನೇವನು ಕಣಯ್ಯ ನೀನು” ಎಂದು ಕಣ್ಣೊರೆಸಿಕೊಂಡರು. ನಾನು ಅವರ ಮೇಜಿನ ಮೇಲಿದ್ದ ಮಸಿಕುಡಿಕೆಯನ್ನೇ ನೋಡುತ್ತ ನಿಂತಿದ್ದೆ.

ಭಾವ ಕ್ಯಾತಣ್ಣನಂತೂ, “ದನ ಕಾಯೋರ ಹಾಡಿಗೂ ಡಾಕ್ಟ್ರು ಮಾಡ್ತಾರಾ? ಹಂಗಾರೆ ನಮ್ಮ ಎತ್ತಿನ ಕಾಲು ಊದೈತೆ, ವಸಿ ನೋಡು ಬಾರಪ್ಪ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂದರ್ಶನದ ಸಂಗತಿ ಕೇಳಿದ್ದೀಯ. ಮಾರ್ಚಿಯಲ್ಲಿ ರಾಯದುರ್ಗದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ ಹೋದದ್ದು. ಮೂವರು ಕೂತಿದ್ದರು. ಇಬ್ಬರು ಇಂಗ್ಲಿಷಿನಲ್ಲಿ ಕೇಳಿದರು, ವಯಸ್ಸಾದ ಪಂಡಿತರೊಬ್ಬರು ಕನ್ನಡದಲ್ಲಿ. ಪುಸ್ತಕದಲ್ಲಿನ ಒಂದು ಹಾಡು ತೋರಿಸಿ, “ಇದರ ಮಟ್ಟು ಹೇಗೆ?” ಎಂದರು. ಎರಡು ಸಾಲು ಹಾಡಿದೆ. ಚೆನ್ನಾಗಿ ಬರಲಿಲ್ಲ. ಆದರೂ ತಲೆದೂಗಿದರು.

ತಂಗಿ ದುರುಗಕ್ಕನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ದೊಡ್ಡವನ ಓದು ಬಿಡಿಸಬೇಡ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಗಾದ್ರಪ್ಪ

ಮತ್ತೆ: ಒಂದನ್ನು ಮೇಲೆ ಬರೆಯಲಿಲ್ಲ. ಮದರಾಸಿಗೆ ಅವ್ವನೂ ಬಂದಿದ್ದಳು. ಮಟ್ಟು ಕೇಳಿದರೆ ಅವಳೇ ಹಾಡಲಿ ಎಂದು ನಾನೇ ಕರೆದೊಯ್ದಿದ್ದೆ. ಬಾಗಿಲ ಹೊರಗೆ ನೆಲದ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದಳು. ಪಂಡಿತರು ಅತ್ತ ನೋಡಿ, “ಆಕೆ ಯಾರು?” ಎಂದು ಕೇಳಿದರು. ಆ ನುಣುಪು ನೆಲ, ಆ ಕುರ್ಚಿಗಳು, ಆ ಇಬ್ಬರ ಬೂಟುಗಳು... “ನಮ್ಮ ಮನೆ ಆಳು” ಎಂದುಬಿಟ್ಟೆ. ಬಾಗಿಲು ತೆರೆದೇ ಇತ್ತು.

ಹೊರಗೆ ಬಂದಾಗ ಅವ್ವ ನನ್ನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. “ಕೊಡವ್ವ” ಎಂದೆ. “ಇರ್ಲಿ ಬಿಡ್ರಿ, ನಾ ಹೊರ್ತೀನಿ” ಎಂದಳು. ಸ್ಟೇಷನ್ನಿನವರೆಗೂ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು.

ಸಿಟ್ಟಿಲ್ಲ, ಅಳುವಿಲ್ಲ. ಯಾವ ಹಾಡು ಕೇಳಿದರೂ ಈಗಲೂ ಹೇಳಿ ಬರೆಸುತ್ತಾಳೆ. ಆದರೆ ಅಂದಿನಿಂದ ಒಮ್ಮೆಯೂ ನನ್ನನ್ನು “ಲೇ ಗಾದ್ರಿ” ಎಂದು ಕರೆದಿಲ್ಲ. ಈಗಷ್ಟೇ ಒಳಗಿನಿಂದ ಕೂಗಿದಳು: “ಮುದ್ದೆ ಆಗೈತೆ, ಉಣ್ಣಾಕೆ ಬರ್ರಿ.”